ಮೊದಲ ರಿಂಗಿಗೇ ಎತ್ತುವವರು

ನಮ್ಮ ಮನೆಯ ನೀರು ಶುದ್ಧೀಕರಿಸುವ ಯಂತ್ರವು ಕಳೆದ ತಿಂಗಳ ಒಂದು ರಾತ್ರಿ ಕೆಂಪು ದೀಪ ಹೊತ್ತಿಸಿಕೊಂಡು, ಎರಡು ನಿಮಿಷಕ್ಕೊಮ್ಮೆ ಕುಂಯ್‌ಗುಟ್ಟಲು ಆರಂಭಿಸಿತು. ಕಂಪನಿಯವರು ತಮ್ಮ ಸಹಾಯವಾಣಿಯ ಸಂಖ್ಯೆಯನ್ನು ಯಂತ್ರದ ಬೆನ್ನಿಗೆ ಅಂಟಿಸಿದ್ದರು. ಅದನ್ನು ಓದಬೇಕಾದರೆ ಯಂತ್ರವನ್ನು ಗೋಡೆಯಿಂದ ಕಳಚಬೇಕು, ಕಳಚಬೇಕಾದರೆ ತಂತ್ರಜ್ಞ ಬರಬೇಕು, ತಂತ್ರಜ್ಞ ಬರಬೇಕಾದರೆ ಆ ಸಂಖ್ಯೆಗೆ ಕರೆ ಮಾಡಬೇಕು. ಕೊನೆಗೆ ಹಳೆಯ ಕ್ಯಾಲೆಂಡರುಗಳ ನಡುವೆ ಸಿಕ್ಕಿಕೊಂಡಿದ್ದ ವಾರಂಟಿ ಕಾರ್ಡನ್ನು ಹುಡುಕಿ ತೆಗೆದು ಕರೆ ಮಾಡಿದೆ. ನನ್ನ ಕರೆ ತಮಗೆ ಅತ್ಯಮೂಲ್ಯವೆಂದು ಒಂದು ಹೆಣ್ಣುದನಿ ಹೇಳಿತು. ಕನ್ನಡಕ್ಕಾಗಿ ಐದನ್ನು ಒತ್ತಿ ಎಂದಿತು, ಒತ್ತಿದೆ. ಅಲ್ಲಿಂದ ಮುಂದೆ ಹಿಂದಿ ಶುರುವಾಯಿತು. 47 ನಿಮಿಷಗಳ ಕಾಲ ಒಂದೇ ಕೊಳಲಿನ ತುಣುಕನ್ನು ಕೇಳಿಸಿ, ನಡುನಡುವೆ ನನ್ನ ಅಮೂಲ್ಯತೆಯನ್ನು ನೆನಪಿಸಿ, ಕಡೆಗೆ ‘ಎಲ್ಲ ಪ್ರತಿನಿಧಿಗಳೂ ಕಾರ್ಯನಿರತರಾಗಿದ್ದಾರೆ’ ಎಂದು ತಿಳಿಸಿದ ಆ ದನಿಯು ತಾನಾಗಿಯೇ ಕರೆಯನ್ನು ಕಡಿದುಹಾಕಿತು. ಯಂತ್ರ ಕುಂಯ್ ಎಂದಿತು.

ಆಗ ನಾನು ಮಾಡಿದ್ದು ಈ ದೇಶದ ಯಾವ ಗೃಹಸ್ಥನಾದರೂ ಮಾಡುವ ಕೆಲಸವನ್ನು. ಕಂಪನಿಯ ಹೆಸರಿನ ಮುಂದೆ ‘ಕಸ್ಟಮರ್ ಕೇರ್ ನಂಬರ್’ ಎಂದು ಸೇರಿಸಿ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, ಹತ್ತಂಕಿಯ ಒಂದು ಮೊಬೈಲ್ ಸಂಖ್ಯೆ ಕಾಣಿಸಿತು. ಮೊದಲ ರಿಂಗು ಮುಗಿಯುವ ಮುನ್ನವೇ ಒಬ್ಬ ಯುವಕ ಕರೆ ಸ್ವೀಕರಿಸಿ, ‘ನಮಸ್ಕಾರ ಸರ್, ಊಟ ಆಯ್ತಾ?’ ಎಂದು ಕೇಳಿದ. ಕನ್ನಡದಲ್ಲಿ ಕೇಳಿದ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮ ಬಡಾವಣೆಯ ಬ್ಯಾಂಕಿನ ಕೌಂಟರಿನಲ್ಲಿ ಈ ಸೌಭಾಗ್ಯ ಒದಗಿ ಎರಡು ವರ್ಷವಾಗಿದೆ. ನನ್ನ ಯಂತ್ರದ ಅಳಲನ್ನು ಅವನು ನಡುವೆ ಬಾಯಿ ಹಾಕದೆ ಪೂರ್ತಿಯಾಗಿ ಆಲಿಸಿದ. ‘ಇಷ್ಟು ಹೊತ್ತು ಕಾಯಿಸಿದರಾ? ಕ್ಷಮೆ ಇರಲಿ ಸರ್’ ಎಂದು, ತಾನು ಮಾಡದ ತಪ್ಪಿಗೆ ಕ್ಷಮೆ ಕೇಳಿದ. ನಾಳೆ ಬೆಳಗ್ಗೆ ಒಂಬತ್ತಕ್ಕೆ ತಂತ್ರಜ್ಞನನ್ನು ಕಳಿಸುವುದಾಗಿಯೂ, ಅದಕ್ಕೆ ಕೇವಲ ಹತ್ತು ರೂಪಾಯಿಯ ನೋಂದಣಿ ಶುಲ್ಕ ಕಟ್ಟಬೇಕಾಗಿಯೂ, ಕಟ್ಟುವ ಆ್ಯಪ್ ಅನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿರುವುದಾಗಿಯೂ ವಿನಯದಿಂದ ತಿಳಿಸಿದ.

ಇಲ್ಲಿ ನಾನು ನನ್ನ ಜಾಣತನದಿಂದ ಪಾರಾದೆನೆಂದು ಬರೆದರೆ ಓದುಗರಿಗೆ ಮೆಚ್ಚುಗೆಯಾಗಬಹುದು, ಆದರೆ ಅದು ಸುಳ್ಳು. ನಾನು ಅದನ್ನು ಒತ್ತಿದೆ. ಫೋನಿನಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಅದು ಇಳಿಯಲಿಲ್ಲ. ಇಳಿದಿದ್ದರೆ ನನ್ನ ಫೋನಿನ, ಅದರ ಮೂಲಕ ಬ್ಯಾಂಕ್ ಖಾತೆಯ ಹಿಡಿತ ಅವನ ಕೈಗೆ ಹೋಗಬಹುದಿತ್ತು. ಬಂಧುಬಳಗದ ಗುಂಪುಗಳಲ್ಲಿ ದಿನನಿತ್ಯ ಬಂದು ಬೀಳುವ, ಸೂರ್ಯೋದಯದ ಚಿತ್ರವುಳ್ಳ ಶುಭೋದಯಗಳು ಫೋನಿನ ಜಾಗವನ್ನೆಲ್ಲ ಆಕ್ರಮಿಸಿದ್ದವು. ನನ್ನ ಪಿಂಚಣಿಯ ಉಳಿತಾಯವನ್ನು ಕಾಪಾಡಿದ್ದು ರಿಸರ್ವ್ ಬ್ಯಾಂಕಲ್ಲ, ಪೊಲೀಸರಲ್ಲ, ಷಡ್ಡಕರ ಶುಭೋದಯಗಳು. ‘ಸ್ವಲ್ಪ ಫೋಟೋ ಅಳಿಸಿ ಸರ್, ನಾನು ಲೈನಿನಲ್ಲೇ ಇರ್ತೀನಿ’ ಎಂದು ಆ ಹುಡುಗ ಹೇಳಿದಾಗ ಮಾತ್ರ, ಲೈನಿನಲ್ಲೇ ಇರುವ ಕಸ್ಟಮರ್ ಕೇರ್ ಎಂಬುದು ಪ್ರಕೃತಿವಿರೋಧವೆಂದು ಹೊಳೆದು, ಫೋನನ್ನು ಇಟ್ಟುಬಿಟ್ಟೆ.

ಆ ಹುಡುಗನ ಕಸುಬಿಗೆ ಒಂದು ಪರಂಪರೆಯಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರು, ಗುರುಗ್ರಾಮ, ನೋಯ್ಡಾಗಳ ಕಾಲ್ ಸೆಂಟರುಗಳು ನಮ್ಮ ಮಕ್ಕಳಿಗೆ ಇಂಗ್ಲಿಷ್ ಹೆಸರಿಟ್ಟು, ನಾಲಗೆಯನ್ನು ತಿದ್ದಿ, ರಾತ್ರಿಯೆಲ್ಲ ಎಚ್ಚರವಿರಿಸಿ, ಎಷ್ಟು ಬೈದರೂ ನಗುತ್ತಲೇ ಉತ್ತರಿಸುವುದನ್ನು ಕಲಿಸಿದವು. ಆ ವಿದ್ಯೆಯನ್ನು ಗ್ರಾಹಕನ ಒಳಿತಿಗೆ ಬಳಸಿದರೆ ಸಂಬಳ ಬರುತ್ತದೆ, ಉಳಿದದ್ದಕ್ಕೆ ಬಳಸಿದರೆ ಕಮಿಷನ್ ಬರುತ್ತದೆ ಎಂದು ಕೆಲವರಿಗೆ ಬೇಗನೆ ತಿಳಿಯಿತು. ‘ನಾವು ವಿಂಡೋಸ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಮನೆಗಳಿಗೆ ಕರೆಗಳು ಹೋಗತೊಡಗಿದವು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2012ರ ಅಕ್ಟೋಬರಿನಲ್ಲಿ ಇಂಥ ಆರು ಪ್ರಕರಣಗಳನ್ನು ನ್ಯಾಯಾಲಯಕ್ಕೆ ಒಯ್ಯಿತು. ಅವುಗಳ ಬೇರುಗಳಲ್ಲಿ ಹೆಚ್ಚಿನವು ಭಾರತದಲ್ಲಿದ್ದವು. ಜಗತ್ತಿನ ಗ್ರಾಹಕ ಸೇವಾ ಕೇಂದ್ರವೆಂದು ಹೆಸರು ಪಡೆದ ನಾಡು, ಕರೆಯದವರ ಮನೆಗೂ ಹೋಗಿ ಸೇವೆ ಸಲ್ಲಿಸತೊಡಗಿತ್ತು.

ಆ ಸೇವೆಯ ಕ್ರಮ ನೋಡುವಂಥದ್ದು. ವಿಂಡೋಸ್ ಕಂಪ್ಯೂಟರಿನೊಳಗೆ ‘ಇವೆಂಟ್ ವ್ಯೂವರ್’ ಎಂಬ ಒಂದು ದಿನಚರಿಯಿದೆ. ಹಳೆಯ ಕಾಲದ ಶಾನುಭೋಗರ ಕಡತದಂತೆ ಅದರಲ್ಲಿ ಯಾರು ಕೆಮ್ಮಿದರೂ ದಾಖಲಾಗುತ್ತದೆ. ಯಾವುದೋ ಪುಟ್ಟ ತಂತ್ರಾಂಶ ಎರಡು ಕ್ಷಣ ತಡವಾಗಿ ಎದ್ದರೂ ಕೆಂಪು ಗುರುತು ಬೀಳುತ್ತದೆ. ಆರೋಗ್ಯವಂತ ಕಂಪ್ಯೂಟರಿನಲ್ಲೂ ಇಂಥ ಗುರುತುಗಳು ರಾಶಿ ರಾಶಿಯಾಗಿರುತ್ತವೆ. ಅಮೆರಿಕದ ಒಕ್ಲಹೋಮಾದ ಅಜ್ಜಿಯೊಬ್ಬರಿಗೆ ಅದನ್ನು ತೆರೆಸಿ, ‘ನೋಡಿದಿರಾ ಅಮ್ಮಾ, ಇವೆಲ್ಲವೂ ವೈರಸ್ಸುಗಳು’ ಎಂದರೆ ಅವರ ಜೀವ ಬಾಯಿಗೆ ಬರುತ್ತದೆ. ಇನ್ನೂ ನಂಬಿಕೆ ಬಾರದಿದ್ದರೆ, ಒಂದು ಆಜ್ಞೆಯನ್ನು ಟೈಪ್ ಮಾಡಿಸಿ ಪರದೆಯ ಮೇಲೆ ಉದ್ದನೆಯ ಸಂಕೇತವೊಂದನ್ನು ತರಿಸಿ, ‘ಇದು ನಿಮ್ಮ ಕಂಪ್ಯೂಟರಿನ ಗುಪ್ತ ಸಂಖ್ಯೆ, ನಾನು ಓದುತ್ತೇನೆ, ಸರಿಯೇ ಹೇಳಿ’ ಎಂದು 888ಡಿಸಿಎ60ರಿಂದ ಆರಂಭಿಸಿ ಕಡೆಯ ಅಕ್ಷರದವರೆಗೂ ತಪ್ಪಿಲ್ಲದೆ ಓದಿ ಹೇಳುತ್ತಾರೆ. ಆ ಸಂಕೇತವು ಭೂಮಿಯ ಮೇಲಿನ ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲೂ ಒಂದೇ. ಬುಡಬುಡಿಕೆಯವನು ಬಂದು ‘ನಿಮ್ಮ ಮನೆಗೆ ಒಂದು ಬಾಗಿಲಿದೆ ತಾಯಿ’ ಎಂದಾಗ ನಾವು ಬೆರಗಾಗಿ ಅಕ್ಕಿ ನೀಡುತ್ತಿದ್ದೆವಲ್ಲ, ಅದೇ ಶಾಸ್ತ್ರ. ದಕ್ಷಿಣೆ ಮಾತ್ರ ಡಾಲರಿನಲ್ಲಿ.

ಈ ಶಾಸ್ತ್ರದ ಮುಂದುವರಿದ ಅಧ್ಯಾಯದಲ್ಲಿ ಕರೆ ಮಾಡಿದವರೇ ಅಳುತ್ತಾರೆ. ‘ನಿಮಗೆ 200 ಡಾಲರ್ ಮರುಪಾವತಿ ಬರಬೇಕಿದೆ’ ಎಂದು ಹೇಳಿ, ದೂರದಿಂದಲೇ ಗ್ರಾಹಕರ ಪರದೆಯನ್ನು ಹಿಡಿತಕ್ಕೆ ತೆಗೆದುಕೊಂಡು, ಬ್ಯಾಂಕಿನ ಪುಟದಲ್ಲಿ ಕಾಣುವ ಅಂಕಿಯನ್ನು ಕಣ್ಣಿಗಷ್ಟೇ ತಿದ್ದಿ, ‘ಅಯ್ಯೋ, ಕೈತಪ್ಪಿ 20,000 ಹಾಕಿಬಿಟ್ಟೆ, ಉಳಿದದ್ದನ್ನು ಹಿಂದಿರುಗಿಸದಿದ್ದರೆ ನನ್ನ ಕೆಲಸ ಹೋಗುತ್ತದೆ’ ಎಂದು ಬಿಕ್ಕುತ್ತಾರೆ. ಹಿಂದಿರುಗಿಸಬೇಕಾದದ್ದು ಉಡುಗೊರೆ ಕಾರ್ಡುಗಳ ರೂಪದಲ್ಲಿ; ಅವುಗಳ ಸಂಖ್ಯೆ ಸಿಕ್ಕರೆ ಹಣ ಸಿಕ್ಕಂತೆ. ಆ ಅಜ್ಜಿ ಅಂಗಡಿಗೆ ಹೋಗಿ, ಕಾರ್ಡು ಕೊಂಡು, ಹಿಂಬದಿಯ ಲೇಪ ಕೆರೆದು, ಸಂಖ್ಯೆಯನ್ನು ಓದಿ ಹೇಳುವವರೆಗೆ ಇವರು ಗಂಟೆಗಟ್ಟಲೆ ಫೋನಿನಲ್ಲಿ ಜೊತೆಗಿರುತ್ತಾರೆ. ಇದು ಕ್ರೌರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ನೀರಿನ ಯಂತ್ರಕ್ಕಾಗಿ ಅಧಿಕೃತವಾಗಿ ಯಾರೂ ಅತ್ತಿಲ್ಲ ಎಂಬುದನ್ನೂ ದಾಖಲಿಸುತ್ತೇನೆ.

ಇವರನ್ನು ಹಿಡಿಯುವವರಿಲ್ಲವೆಂದಲ್ಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾಯಿತು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ 76 ಕಡೆ ಶೋಧ ನಡೆಸಿತು. ದೂರು ಕೊಟ್ಟವರ ಪೈಕಿ ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳೇ ಇದ್ದವು. 2025ರ ನವೆಂಬರಿನಲ್ಲಿ ಬೆಳಗಾವಿಯ ಪೊಲೀಸರು ಅಮೆರಿಕದವರಿಗೆ ಕರೆ ಮಾಡುತ್ತಿದ್ದ 33 ಮಂದಿಯನ್ನು ಒಂದೇ ಏಟಿಗೆ ಹಿಡಿದರು. ಅದೇ ತಿಂಗಳು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೂ ಮೈಕ್ರೋಸಾಫ್ಟ್ ತಂತ್ರಜ್ಞರ ವೇಷದ ಒಂದು ಕಚೇರಿ ಸಿಕ್ಕಿಬಿದ್ದಿತು. ಕರ್ನಾಟಕದ ಎರಡನೇ ಹಂತದ ನಗರಗಳಿಗೆ ತಂತ್ರಜ್ಞಾನದ ಉದ್ಯೋಗ ಬರಬೇಕೆಂದು ಸರ್ಕಾರಗಳು ದಶಕಗಳಿಂದ ಹೇಳುತ್ತಿವೆ. ಬೆಳಗಾವಿಗೆ ಬಂದದ್ದು ಯಾವ ತಂತ್ರಜ್ಞಾನವೆಂದು ಗಮನಿಸಬೇಕು. ಕಂಪ್ಯೂಟರ್ ಬಳಸಿ ಬೇರೊಬ್ಬರ ವೇಷ ಹಾಕಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ. ಬೇರೆ ಕಲಮುಗಳೂ ಜೊತೆಗೂಡುತ್ತವೆ, ಸರಿ. ಆದರೂ ಆ ಒಂದು ಲಕ್ಷವನ್ನು ನೋಡಿದರೆ ಅದನ್ನು ದಂಡವೆನ್ನುವುದಕ್ಕಿಂತ ನೋಂದಣಿ ಶುಲ್ಕವೆನ್ನುವುದು ಮೇಲು.

ನಕಲಿಯನ್ನು ಗುರುತಿಸುವ ಬಗೆಯನ್ನು ಅಸಲಿ ಕಂಪನಿಗಳು ಹೇಳಿಕೊಡುತ್ತಿರುವುದು ನನಗೆ ಎಲ್ಲಕ್ಕಿಂತ ಮೋಜಿನ ಸಂಗತಿಯಾಗಿ ಕಾಣುತ್ತದೆ. ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ಎಂದಿಗೂ ಫೋನ್ ಸಂಖ್ಯೆ ಇರುವುದಿಲ್ಲ, ಸಂಖ್ಯೆ ಇದ್ದರೆ ಅದು ಮೋಸವೆಂದು ತಿಳಿಯಿರಿ ಎಂಬುದು ಮೈಕ್ರೋಸಾಫ್ಟಿನ ಅಧಿಕೃತ ತಿಳಿವಳಿಕೆ. ತಿಳಿವಳಿಕೆ ಸತ್ಯವಾದದ್ದೇ, ಪಾಲಿಸಬೇಕಾದದ್ದೇ. ಆದರೆ ಅದರ ತರ್ಕವನ್ನು ಸ್ವಲ್ಪ ಹಿಗ್ಗಿಸಿ ನೋಡಿ: ಸಂಖ್ಯೆ ಇದ್ದರೆ ನಕಲಿ, ಇಲ್ಲದಿದ್ದರೆ ಅಸಲಿ, ಕರೆ ಎತ್ತಿದರೆ ಕಳ್ಳ, ಎತ್ತದಿದ್ದರೆ ಕಂಪನಿ, ನಿಮ್ಮ ಹೆಸರು ಹಿಡಿದು ಕರೆದರೆ ಎಚ್ಚರ, ‘ಅಮೂಲ್ಯ ಗ್ರಾಹಕರೇ’ ಎಂದರೆ ನಿಶ್ಚಿಂತೆ, ಕನ್ನಡದಲ್ಲಿ ಮಾತನಾಡಿದರೆ ತಕ್ಷಣ ಫೋನ್ ಇಟ್ಟು ಠಾಣೆಗೆ ಓಡಿ. ಗ್ರಾಹಕ ಸೇವೆಯ ಲಕ್ಷಣಗಳೆಂದು ಯಾವುದನ್ನು ಕಲಿಸಿದ್ದರೋ ಅವೆಲ್ಲವೂ ಈಗ ಅಪರಾಧದ ಕುರುಹುಗಳು. ಅಸಲಿ ಕಂಪನಿಯು ತನ್ನ ಸಂಖ್ಯೆಯನ್ನು ಜಾಲತಾಣದ ಏಳನೆಯ ಪಾತಾಳದಲ್ಲಿ, ‘ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಬಂಡೆಯ ಕೆಳಗೆ ಹೂತಿಟ್ಟಿರುವಾಗ, ನಕಲಿಯವನು ಹಣ ಕೊಟ್ಟು ಜಾಹೀರಾತು ಹಾಕಿ ತನ್ನ ಸಂಖ್ಯೆಯನ್ನು ಹುಡುಕಾಟದ ನೆತ್ತಿಯ ಮೇಲೆ ಕೂರಿಸುತ್ತಾನೆ. ಹುಡುಕಾಟದ ಕಂಪನಿಗೆ ಆ ಹಣ ಅಸಲಿಯೇ.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. ವಂಚನೆಗೊಳಗಾದವರು ಕರೆ ಮಾಡಲೆಂದು 2021ರಲ್ಲಿ 155260 ಎಂಬ ಸಂಖ್ಯೆಯನ್ನು ಕೊಟ್ಟಿತು. ಜನ ಅದನ್ನು ಬಾಯಿಪಾಠ ಮಾಡುವಷ್ಟರಲ್ಲಿ 1930 ಎಂದು ಬದಲಿಸಿತು. ಹಣ ಹೋದ ಕೂಡಲೇ ಅದಕ್ಕೆ ಕರೆ ಮಾಡಿದರೆ ಮುಂದಿನ ಖಾತೆಗೆ ಹಾರುವ ಮುನ್ನ ತಡೆಯುವ ಅವಕಾಶವುಂಟು, ಆದ್ದರಿಂದ ಆ ಸಂಖ್ಯೆಯನ್ನು ನಾನು ಗೇಲಿ ಮಾಡಲಾರೆ. ಗೇಲಿಗೆ ಅರ್ಹವಾದದ್ದು ಅದರ ಪ್ರಚಾರದ ವಿಧಾನ. ನೀವು ಯಾರಿಗೇ ಕರೆ ಮಾಡಿದರೂ ರಿಂಗಿಗಿಂತ ಮೊದಲು ಅಮಿತಾಭ್ ಬಚ್ಚನ್ನರ ಗಂಭೀರ ಕಂಠದಲ್ಲಿ ಎಚ್ಚರಿಕೆ ಕೇಳಿಸುವ ವ್ಯವಸ್ಥೆಯೊಂದು ತಿಂಗಳುಗಟ್ಟಲೆ ನಡೆದು, ಜನರ ಬೈಗುಳದ ನಡುವೆ 2025ರ ಜೂನಿನಲ್ಲಿ ನಿಂತಿತು. ಆ ಎಚ್ಚರಿಕೆ ಕೇಳಿಸುತ್ತಿದ್ದುದು ಕರೆ ಮಾಡುವವರಿಗೆ. ಮೋಸ ಹೋಗುತ್ತಿದ್ದವರಲ್ಲಿ ಬಹಳಷ್ಟು ಜನ ಕರೆ ಸ್ವೀಕರಿಸಿದವರು. ಆ ಲೆಕ್ಕದಲ್ಲಿ, ದಿನವಿಡೀ ಕರೆ ಮಾಡುವುದನ್ನೇ ವೃತ್ತಿ ಮಾಡಿಕೊಂಡವರು ವಂಚನೆಯ ವಿರುದ್ಧದ ಉಪದೇಶವನ್ನು ಈ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೇಳಿದರೆನ್ನಬೇಕು. ಆದರೂ ಅವರು ತಿದ್ದಿಕೊಳ್ಳಲಿಲ್ಲ.

ಹಣ ಕಳೆದುಕೊಂಡವರ ಮಟ್ಟಿಗೆ ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆಯಿಂದ ಬಂದ ನಿಯಮವೊಂದಿದೆ. ಗ್ರಾಹಕನೇ ತನ್ನ ಗುಟ್ಟಿನ ಸಂಖ್ಯೆಗಳನ್ನು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಪೂರ್ತಿ ಅವನದು. ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಆ ಕ್ಷಣದಲ್ಲಿ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡುವುದು ಅತ್ಯಂತ ಮುಖ್ಯ. ಸಹಾಯವಾಣಿಯ ಕೊಳಲು ನುಡಿಯುತ್ತಿರುವಾಗ ಖಾತೆ ಬರಿದಾಗುತ್ತಾ ಹೋಗುತ್ತದೆ; ಗಾಬರಿಯಲ್ಲಿ ಬೇರೆ ಸಂಖ್ಯೆ ಸಿಗಬಹುದೇ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ, ಮೊದಲ ರಿಂಗಿಗೇ ಎತ್ತುವ ಹಳೆಯ ಗೆಳೆಯ ಅಲ್ಲಿಯೂ ಕಾದಿರುತ್ತಾನೆ. ಇಷ್ಟಾದ ಮೇಲೆ ನೆಂಟರು ಬಂದು, ‘ಇಷ್ಟು ಓದಿಕೊಂಡವರು ನೀವೇ ಹೀಗೆ ಮಾಡಿದರೆ ಹೇಗೆ?’ ಎನ್ನುತ್ತಾರೆ. ದುರಾಸೆಯವರು ಮಾತ್ರ ಮೋಸ ಹೋಗುತ್ತಾರೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕುಡಿಯುವ ನೀರು ಬೇಕೆಂಬುದು ಯಾವ ಬಗೆಯ ದುರಾಸೆಯೋ ನನಗೆ ತಿಳಿಯದು.

ನನ್ನ ವೃತ್ತಾಂತಕ್ಕೆ ಮರಳುತ್ತೇನೆ. ಮೂರನೆಯ ದಿನ ಅಸಲಿ ಕಂಪನಿಯಿಂದ ಒಂದು ಸಂದೇಶ ಬಂದಿತು: ‘ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ; ದಯವಿಟ್ಟು ಐದು ನಕ್ಷತ್ರ ನೀಡಿ.’ ಯಾರೂ ಬಂದಿರಲಿಲ್ಲ, ದೂರು ಯಾವಾಗ ದಾಖಲಾಯಿತೆಂಬುದೂ ನನಗೆ ಗೊತ್ತಿರಲಿಲ್ಲ. ಅದನ್ನು ಓದುತ್ತಿರುವಾಗಲೇ ಫೋನ್ ರಿಂಗಾಯಿತು. ಆ ಹುಡುಗನೇ.

‘ಸರ್, ಅವತ್ತು ಲೈನ್ ಕಟ್ ಆಯ್ತು. ಮಷೀನ್ ಸರಿ ಹೋಯ್ತಾ?’

ಇಲ್ಲವೆಂದೆ. ಅವನು ಮತ್ತೆ ಹತ್ತು ರೂಪಾಯಿಯ ಮಾತು ತೆಗೆದ. ನಾನು, ‘ನೀನು ಯಾರೆಂದು ನನಗೆ ಗೊತ್ತಪ್ಪ. ಹತ್ತಲ್ಲ, ಐನೂರು ಕೊಡುತ್ತೇನೆ, ನಗದಾಗಿ, ಕೈಗೇ. ನಿಜವಾಗಿಯೂ ರಿಪೇರಿ ಮಾಡುವವನೊಬ್ಬನನ್ನು ಕಳಿಸಲು ನಿನ್ನಿಂದ ಆಗುತ್ತದೆಯೇ?’ ಎಂದು ಕೇಳಿದೆ.

ಆ ಕಡೆ ಮೊತ್ತಮೊದಲ ಬಾರಿಗೆ ಮೌನ ಕವಿಯಿತು. ಆಮೇಲೆ, ತರಬೇತಿಯಿಲ್ಲದ ತನ್ನ ಸ್ವಂತ ದನಿಯಲ್ಲಿ ಅವನು ಹೇಳಿದ: ‘ನಮ್ಮ ಮನೇಲೂ ಅದೇ ಕಂಪನೀದು ಸರ್. ಆರು ತಿಂಗಳಿಂದ ಕೆಟ್ಟು ನಿಂತಿದೆ. ಅವರ ಒರಿಜಿನಲ್ ನಂಬರ್ ನಿಮಗೇನಾದ್ರೂ ಸಿಕ್ಕಿದ್ರೆ, ದಯವಿಟ್ಟು ಈ ನಂಬರಿಗೆ ಒಂದು ಮೆಸೇಜ್ ಹಾಕಿ.’