ಬಿಟ್ಟೆ ಎಂದರೆ ಬಿಟ್ಟದ್ದಲ್ಲ

ಜರ್ಮನಿಯ ಎಸ್ಲಿಂಗನ್ನಿಗೆ ಬಂದ ಮೂರನೆಯ ವಾರ, ಒಂದು ಶನಿವಾರ ಬೆಳಿಗ್ಗೆ, ನಮ್ಮ ಓಣಿಯ ತುದಿಯ ಬೇಕರಿಯಲ್ಲಿ ಪಾಳಿ ಹಚ್ಚಿ ನಿಂತಿದ್ದೆ. ಧಾರವಾಡದಲ್ಲಿದ್ದಾಗ ಆರು ತಿಂಗಳು ಪುಸ್ತಕ ಹಿಡಿದು ಕಲಿತಿದ್ದ ಜರ್ಮನ್ ಭಾಷೆಯಲ್ಲಿ ಒಂದು ವಾಕ್ಯವನ್ನು ನಿಂತಷ್ಟು ಹೊತ್ತೂ ಮನಸ್ಸಿನಲ್ಲೇ ತಿದ್ದಿಕೊಂಡು, ನನ್ನ ಸರದಿ ಬಂದಾಗ ‘ನನಗೆ ಎರಡು ಬ್ರೆಟ್ಸೆಲ್ ಕೊಡಿ’ ಎಂಬುದನ್ನು ತಪ್ಪಿಲ್ಲದೆ ಹೇಳಿದೆ. ಗೌರವದ ಬಹುವಚನವೂ ಅದರಲ್ಲಿ ಸರಿಯಾಗಿಯೇ ಇತ್ತು. ಕೌಂಟರಿನ ಆಚೆಗಿದ್ದ, ಅರವತ್ತರ ಆಸುಪಾಸಿನ ಹೆಂಗಸು ಇಕ್ಕಳವನ್ನು ಬುಟ್ಟಿಯ ಮೇಲೆ ಹಾಗೆಯೇ ಹಿಡಿದುಕೊಂಡು ನನ್ನ ಮುಖ ನೋಡಿ ‘ಬಿಟ್ಟೆ’ ಎಂದರು. ಆ ಪದಕ್ಕೆ ‘ತೆಗೆದುಕೊಳ್ಳಿ’ ಎಂಬ ಅರ್ಥವಿರುವುದು ಗೊತ್ತಿದ್ದುದರಿಂದ ನಾನು ಕೈ ಮುಂದೆ ಚಾಚಿದೆ. ಆದರೆ ಇಕ್ಕಳ ಅಲುಗಲಿಲ್ಲ. ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. ‘ಎರಡು ಬ್ರೆಟ್ಸೆಲ್, ಬಿಟ್ಟೆ’ ಎಂದು ಆಕೆ ನಿಧಾನವಾಗಿ, ಅಕ್ಷರ ಕಲಿಸುವವರ ಹಾಗೆ ಹೇಳಿದ ಮೇಲೆಯೇ, ನಾನು ಒಂದು ಪದವನ್ನು ನುಂಗಿಬಿಟ್ಟಿದ್ದೇನೆ, ಅದಕ್ಕಾಗಿ ಈ ಹೆಂಗಸು ಕಾಯುತ್ತಿದ್ದಾರೆ ಎಂಬುದು ನನಗೆ ತಿಳಿದದ್ದು. ಆಕೆ ಹೇಳಿದಂತೆಯೇ ಹೇಳಿದೆ. ಕಾಗದದ ಚೀಲ ಕೈಗಿಡುವಾಗ ಆಕೆ ಮತ್ತೊಮ್ಮೆ ‘ಬಿಟ್ಟೆ’ ಎಂದರು. ನಾನು ‘ಡಾಂಕೆ’ ಎಂದು ಧನ್ಯವಾದ ಹೇಳಿದ್ದಕ್ಕೆ ಉತ್ತರವಾಗಿ ಇನ್ನೊಂದು ‘ಬಿಟ್ಟೆ’ ಬಂತು.

ಅವಮಾನವಾಯಿತೆಂದೇ ಹೇಳಬೇಕು. ಮೂವತ್ತನಾಲ್ಕು ವಯಸ್ಸಿನವನಿಗೆ, ಹಿರಿಯರ ಎದುರು ದನಿಯೇರಿಸದ ಮನೆಯಲ್ಲಿ ಬೆಳೆದವನಿಗೆ, ಎಂಟು ಜನರ ಮುಂದೆ ಮರ್ಯಾದೆಯ ಪಾಠವಾಯಿತಲ್ಲ ಎಂದು ಬ್ರೆಟ್ಸೆಲ್ ತಿನ್ನುವಾಗಲೂ ಗಂಟಲು ಬಿಗಿದಿತ್ತು. ಅದಾಗಿ ಒಂಬತ್ತು ವರ್ಷಗಳಾದವು. ಆ ಹೆಂಗಸಿನ ಮೇಲಿದ್ದ ಸಿಟ್ಟು ಎಂದೋ ಇಳಿದು, ಈಗ ಅದು ನಮ್ಮೂರಿನ ಕಡೆಗೆ ತಿರುಗಿದೆ. ಈ ಬರಹಕ್ಕೆ ಕಾರಣವೂ ಅದೇ.

ಆ ಒಂದು ಪದ ದಿನವೊಂದಕ್ಕೆ ಹೊರುವ ಕೆಲಸವನ್ನು ನೋಡಿದರೆ ಬೆರಗಾಗುತ್ತದೆ. ಕೇಳುವಾಗ ಅದು ದಯವಿಟ್ಟು, ಕೊಡುವಾಗ ತೆಗೆದುಕೊಳ್ಳಿ, ಧನ್ಯವಾದಕ್ಕೆ ಉತ್ತರವಾದಾಗ ಅದರಲ್ಲೇನಿದೆ ಬಿಡಿ. ಫೋನ್ ಎತ್ತಿ ‘ಯಾ, ಬಿಟ್ಟೆ?’ ಎಂದರೆ ಹೇಳಿ ಎಂದರ್ಥ. ಮಾತು ಕೇಳಿಸದಾಗ ‘ವೀ ಬಿಟ್ಟೆ?’ ಎಂದರೆ ನಮ್ಮ ಕಡೆಯ ‘ಏನ್ರೀ?’, ಅದನ್ನೇ ಹುಬ್ಬೇರಿಸಿ ಎಳೆದು ಹೇಳಿದರೆ ‘ಏನಂದಿರಿ, ಇನ್ನೊಮ್ಮೆ ಹೇಳಿ ನೋಡೋಣ’ ಎಂಬ ಸವಾಲು. ಬಾಗಿಲು ತಟ್ಟಿದವರಿಗೆ ಒಳಗಿನಿಂದ ಬಿಟ್ಟೆ ಎಂದರೆ ಬನ್ನಿ. ವೈದ್ಯರ ಕೋಣೆಯ ಬಾಗಿಲಿನಲ್ಲಿ ‘ದೇರ್ ನೆಕ್ಸ್ಟೆ, ಬಿಟ್ಟೆ’ ಎಂದರೆ ಮುಂದಿನವರು ಬರಬಹುದು. ಇನ್ನಷ್ಟು ಸೂಪು ಬೇಕೇ ಎಂದು ಕೇಳಿದಾಗ ಬಿಟ್ಟೆ ಎಂದರೆ ಬೇಕು. ಡಾಂಕೆ ಎಂದರೆ ಬೇಡ. ತಾನು ಮೊದಲೇ ಹೇಳಿದ್ದು ನಿಜವಾದಾಗ ‘ನಾ ಬಿಟ್ಟೆ!’ ಎನ್ನುವವರಿದ್ದಾರೆ, ಅಂದರೆ ‘ನೋಡಿದಿರಾ, ಹೇಳಿರಲಿಲ್ಲವೇ?’ ನೃತ್ಯದ ಕೂಟದಲ್ಲಿ ಜೊತೆಗೆ ಕುಣಿಯಲು ಕರೆಯುವುದಕ್ಕೂ, ಸರ್ಕಾರವು ಜನರ ಜೇಬಿಗೆ ಕೈ ಹಾಕಿದೆ ಎಂದು ಪತ್ರಿಕೆಗಳು ಬರೆಯುವುದಕ್ಕೂ ಇದೇ ಪದದ ಕ್ರಿಯಾರೂಪ ಬಳಕೆಯಾಗುತ್ತದೆ.

ಇದೆಲ್ಲ ಬಂದದ್ದು ‘ಇಶ್ ಬಿಟ್ಟೆ’, ಅಂದರೆ ‘ನಾನು ಬೇಡುತ್ತೇನೆ’ ಎಂಬ ವಾಕ್ಯ ಸವೆದು ಸಣ್ಣದಾಗಿ. ಕೇಳಿಕೊಳ್ಳುವುದಕ್ಕೆ ಬಿಟ್ಟನ್, ದೇವರಲ್ಲಿ ಪ್ರಾರ್ಥಿಸುವುದಕ್ಕೆ ಬೇಟನ್, ಭಿಕ್ಷೆ ಎತ್ತುವುದಕ್ಕೆ ಬೆಟ್ಟೆಲ್ನ್ ಎಂದು ಒಂದೇ ಬೇರಿನಿಂದ ಮೂರು ಪದಗಳನ್ನು ಆ ಭಾಷೆ ಬೇರೆ ಬೇರೆಯಾಗಿ ಬೆಳೆಸಿಕೊಂಡಿದೆ. ನಮ್ಮಲ್ಲಿ ಮೂರಕ್ಕೂ ‘ಬೇಡು’ ಒಂದೇ. ವರ ಬೇಡುವವನೂ ಬೇಡುತ್ತಾನೆ, ಗುಡಿಯ ಮೆಟ್ಟಿಲ ಮೇಲೆ ಕುಳಿತವನೂ ಬೇಡುತ್ತಾನೆ. ಇದರಿಂದಲೇ ಇರಬಹುದು, ಕೇಳಿ ಪಡೆಯುವ ಮಾತಿನಲ್ಲಿ ವಿನಯ ಸ್ವಲ್ಪ ಹೆಚ್ಚಾದರೆ ನಮಗೆ ಕೈಯೊಡ್ಡಿದಂತೆ ಅನ್ನಿಸುತ್ತದೆ. ದಯವಿಟ್ಟು ಎಂಬ ಪದ ನಮ್ಮಲ್ಲಿ ಇಲ್ಲವೆಂದಲ್ಲ. ಅದು ಫಲಕಗಳ ಮೇಲೆ ಪಾದರಕ್ಷೆ ಹೊರಗೆ ಬಿಡಿಸುತ್ತದೆ, ಫೋನಿನಲ್ಲಿ ಸ್ವಲ್ಪ ಸಮಯದ ನಂತರ ಪ್ರಯತ್ನಿಸಲು ಹೇಳುತ್ತದೆ, ಅರ್ಜಿಯ ಕೊನೆಯ ಸಾಲಿನಲ್ಲಿ ಕೂರುತ್ತದೆ. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸಂತೆಗೆ ಹೋಗುವವರು ಯಾರೂ ಇಲ್ಲ.

ನಾವು ಮರ್ಯಾದೆಯನ್ನು ಕ್ರಿಯಾಪದದ ಬಾಲದಲ್ಲಿ ಇಟ್ಟುಕೊಂಡವರು. ಬಾ, ಬಾರೋ, ಬನ್ನಿ, ದಯಮಾಡಿಸಿ. ನಮ್ಮ ಧಾರವಾಡದ ಕಡೆಗಂತೂ ಒಂದು ‘ರಿ’ ಇದೆ. ಬರ್ರಿ, ಹೌದ್ರಿ, ಯಾಕ್ರಿ ಎಂದು ಎಲ್ಲಿ ಬೇಕಾದರೂ ಅಂಟಿಕೊಂಡು ಮಾತನ್ನು ಮೆತ್ತಗೆ ಮಾಡುವ ಆ ಒಂದಕ್ಷರವನ್ನು ಪರದೇಶದಲ್ಲಿ ಯಾರಾದರೂ ಹಿಂದಿನಿಂದ ಹೇಳಿದರೆ ನಾನು ಈಗಲೂ ತಿರುಗಿ ನೋಡುತ್ತೇನೆ. ಬೇಕರಿಯ ಹೆಂಗಸಿನ ಮೇಲಿನ ನನ್ನ ಮೊದಲ ತಕರಾರು ಇದೇ ಆಗಿತ್ತು: ನಮ್ಮ ವಿನಯ ಪದದ ಒಳಗೇ ಕರಗಿರುತ್ತದೆ, ಹೊರಗಿನಿಂದ ಬಿಟ್ಟೆ ಸುರಿದುಕೊಳ್ಳುವ ಅಗತ್ಯ ನಮಗಿಲ್ಲ. ಈ ವಾದವನ್ನು ಎರಡು ಮೂರು ವರ್ಷ ಗೆಳೆಯರ ಮುಂದೆಲ್ಲ ಹೇಳಿಕೊಂಡು ತಿರುಗಿದೆ.

ಅದು ಒಡೆದದ್ದು ಕಚೇರಿಯಲ್ಲಿ. ಸಂಜೆ ಆರಕ್ಕೆ ನೆಲ ಒರೆಸಲು ಬರುವ ಹೆಂಗಸು ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, ಅವರು ಕುಳಿತಿರುವಾಗಲೇ, ‘ಕಾಲು ಎತ್ತಿ, ಬಿಟ್ಟೆ’ ಎನ್ನುತ್ತಾರೆ. ಅವರು ಎತ್ತುತ್ತಾರೆ. ಇನ್ನೊಂದು ದಿನ ಅವರು ಆಕೆಗೆ ‘ಆ ಹಲಗೆಯ ಮೇಲಿನ ಬರಹವನ್ನು ಇವತ್ತು ಅಳಿಸಬೇಡಿ, ಬಿಟ್ಟೆ’ ಎನ್ನುತ್ತಾರೆ. ಮೇಲಿನಿಂದ ಕೆಳಗೂ ಕೆಳಗಿನಿಂದ ಮೇಲೂ ಅದೇ ಪದ, ಅದೇ ತೂಕ. ಜರ್ಮನ್ನರಲ್ಲಿಯೂ ನೀನು ಎಂಬುದಕ್ಕೆ ‘ಡು’, ನೀವು ಎಂಬುದಕ್ಕೆ ‘ಝೀ’ ಎಂಬ ಭೇದವಿದೆ, ಅದು ನಿಜ. ಆದರೆ ಬಿಟ್ಟೆ ಎರಡರ ಜೊತೆಗೂ ಹೋಗುತ್ತದೆ. ತಾಯಿ ಮಗುವಿಗೆ ಹೇಳುತ್ತಾಳೆ, ಮಗು ತಾಯಿಗೆ ಹೇಳದಿದ್ದರೆ ಲೋಟವನ್ನು ಕೈಯಲ್ಲೇ ಹಿಡಿದು ‘ಮಂತ್ರದ ಮಾತು ಯಾವುದು?’ ಎಂದು ಕೇಳುತ್ತಾಳೆ. ತ್ಸೌಬರ್‌ವೋರ್ಟ್ ಎಂದು ಅದಕ್ಕೆ ಹೆಸರೇ ಇದೆ. ಬೇಕರಿಯಲ್ಲಿ ನನಗಾದದ್ದು ಅದೇ ಪಾಠ. ಮಗುವಿದ್ದಾಗ ಆಗಬೇಕಾದದ್ದು ತಡವಾಗಿ ಆಯಿತು.

ಎರಡು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ, ಕಾಕಾನ ಜೊತೆ ಒಂದು ಖಾನಾವಳಿಗೆ ಊಟಕ್ಕೆ ಹೋಗಿದ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಏಳು ವರ್ಷಗಳಿಂದ ಕನಸಿನಲ್ಲಿ ಉಣ್ಣುತ್ತಿದ್ದ ಊಟ ಅದು. ಸುತ್ತಲಿನ ಮೇಜುಗಳಿಂದ ‘ಏ, ರೊಟ್ಟಿ ತಾ’, ‘ಲೇ, ಎಷ್ಟೊತ್ತಲೇ’ ಎಂಬ ಕೂಗು. ಹದಿನೆಂಟು ಹತ್ತೊಂಬತ್ತರ ಹುಡುಗ, ಹೆಗಲ ಮೇಲೆ ಒದ್ದೆ ಬಟ್ಟೆ, ಒಂದು ಕೈಯಲ್ಲಿ ನೀರಿನ ಜಗ್ಗು, ಇನ್ನೊಂದರಲ್ಲಿ ಪಲ್ಯದ ಬುಟ್ಟಿ ಹಿಡಿದು ಓಡಾಡುತ್ತಿದ್ದ. ನಾನು ‘ಸ್ವಲ್ಪ ನೀರ ಕೊಡ್ರಿ’ ಎಂದೆ. ಆ ಹುಡುಗ ನಿಂತು, ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಗೋಡೆ ಇತ್ತು. ಮತ್ತೆ ನನ್ನ ಕಡೆ ತಿರುಗಿ, ಏನೋ ತಪ್ಪಾದವನ ಹಾಗೆ, ಮಾತಿಲ್ಲದೆ ಲೋಟ ತುಂಬಿ ಹೋದ. ‘ಅವಂಗ್ಯಾಕ ರಿ ಹಚ್ಚತೀಯೋ?’ ಎಂದು ಕಾಕಾ ನಕ್ಕರು. ಆ ಮೇಲೆ ಹಣ ಕೊಡುವಾಗ ಗಲ್ಲೆಯ ಮೇಲಿದ್ದ ಮಾಲೀಕರಿಗೆ ಅದೇ ಕಾಕಾ ಒಂದೇ ವಾಕ್ಯದಲ್ಲಿ ಮೂರು ‘ರಿ’ ಹಚ್ಚಿ ಮಾತಾಡಿದರು.

ಅಂದು ನನಗೆ ಎಣ್ಣೆಗಾಯಿಯ ರುಚಿ ಹತ್ತಲಿಲ್ಲ. ಕ್ರಿಯಾಪದದ ಒಳಗೇ ಇದೆ ಎಂದು ನಾನು ಹೆಮ್ಮೆಪಟ್ಟ ವಿನಯವನ್ನು ನಾವು ಮುಖ ನೋಡಿ, ಅಂಗಿ ನೋಡಿ, ಕುರ್ಚಿ ನೋಡಿ, ಜಾತಿ ಊಹಿಸಿ ಬಡಿಸುತ್ತೇವೆ. ಪದದ ಒಳಗೆ ಇರುವುದರಿಂದ ಅದನ್ನು ಕೊಡದೇ ಇರುವುದೂ ಸುಲಭ, ಕೊಡಲಿಲ್ಲ ಎಂಬುದು ಕೊಡದವರ ಕಣ್ಣಿಗೆ ಬೀಳುವುದೂ ಇಲ್ಲ. ಬೆಂಗಳೂರಿನ ಹುಡುಗರು ಮಾತುಮಾತಿಗೆ ಪ್ಲೀಸ್ ಎನ್ನುವುದನ್ನು ಹಿಂದೆ ನಾನು ಹಳಿಯುತ್ತಿದ್ದೆ, ಈಗ ಹಳಿಯುವುದಿಲ್ಲ. ಯಾರಿಗೂ ಏರುತಗ್ಗು ಮಾಡದ ಒಂದು ಪದ ಮನೆಯಲ್ಲಿ ಸಿಗದಿದ್ದಾಗ ಅವರು ಪಕ್ಕದ ಮನೆಯಿಂದ ಕಡ ತಂದುಕೊಂಡಿದ್ದಾರೆ.

ನನ್ನ ಮಗಳು ಹುಟ್ಟಿದ್ದು ಇಲ್ಲಿ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ, ಶಿಶುವಿಹಾರದಿಂದ ಮಾತ್ರ ಈ ಒಂದು ಪದವನ್ನು ತಂದು ಕನ್ನಡಕ್ಕೆ ಜೋಡಿಸಿಕೊಂಡಿದ್ದಾಳೆ: ‘ಅಪ್ಪಾ, ನೀರ ಕೊಡು, ಬಿಟ್ಟೆ.’ ವೀಡಿಯೊ ಕರೆಯಲ್ಲಿ ಇದನ್ನು ಕೇಳಿಸಿಕೊಂಡ ನಮ್ಮವ್ವ ಗಾಬರಿಯಾಗಿ ‘ಏನ ಬಿಟ್ಟೀ ನಮ್ಮವ್ವಾ? ಊಟಾ ಬಿಟ್ಟೀ ಏನು?’ ಎಂದು ಕೇಳಿದರು. ನಾನು ಅರ್ಥ ವಿವರಿಸಿದೆ. ಅವ್ವನಿಗೆ ಅದು ಹಿಡಿಸಲಿಲ್ಲ. ‘ಅಪ್ಪನ ಕಡೆ ನೀರ ಕೇಳಾಕ ಕೂಸು ಬೇಡಿಕೋಬೇಕೇನೋ?’ ಎಂದರು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಆಮೇಲೆ ಸಿಕ್ಕದ್ದೂ ಅವ್ವನ ಪರವಾಗಿಯೇ ಇತ್ತು. ನಾನಿರುವ ಈ ಎಸ್ಲಿಂಗನ್ ಕ್ರೈಸ್ತ ಮಿಷನರಿ ಹರ್ಮನ್ ಮೋಗ್ಲಿಂಗ್ ತೀರಿಕೊಂಡ ಊರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಅವರು 1881ರಲ್ಲಿ ಇಲ್ಲಿ ಕಣ್ಣು ಮುಚ್ಚಿದರು. 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜನ್ನು ದಾಟಿಕೊಂಡೇ ನಾವೆಲ್ಲ ಬೆಳೆದೆವು, 1903ರಲ್ಲಿ ಇಲ್ಲಿಂದ ದೂರವಲ್ಲದ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಬಿಟ್ಟೆ ಎನ್ನುತ್ತ ಬೆಳೆದ ಇವರು ಬಾ ಯಾರಿಗೆ, ಬನ್ನಿ ಯಾರಿಗೆ ಎಂಬುದನ್ನು ಕಲಿಯಲೇಬೇಕಾಗಿದ್ದ ಊರುಗಳಿಗೆ ಬಂದಿದ್ದರಲ್ಲ ಎಂದು ಯೋಚಿಸುತ್ತ, ಅವರ ಧರ್ಮದ ನಿತ್ಯಪ್ರಾರ್ಥನೆಯನ್ನು ಜರ್ಮನ್ ಭಾಷೆಯಲ್ಲಿ ಓದಿದೆ. 1529ರಲ್ಲಿ ಬಂದ, ಧರ್ಮಸುಧಾರಕ ಮಾರ್ಟಿನ್ ಲೂಥರನ ಸಣ್ಣ ಪ್ರಶ್ನೋತ್ತರ ಪುಸ್ತಕದಲ್ಲಿ ಆ ಪ್ರಾರ್ಥನೆಯ ಏಳು ಕೋರಿಕೆಗಳಿಗೆ ಮೊದಲನೆಯ ಬಿಟ್ಟೆ, ಎರಡನೆಯ ಬಿಟ್ಟೆ ಎಂದೇ ಹೆಸರು. ಪ್ರಾರ್ಥನೆಯ ಒಳಗೆ ಮಾತ್ರ ಬಿಟ್ಟೆ ಎಂಬ ಪದ ಒಮ್ಮೆಯೂ ಬರುವುದಿಲ್ಲ. ತಂದೆಯನ್ನು ಏಕವಚನದಲ್ಲಿ ಕರೆದು, ಇಂದಿನ ರೊಟ್ಟಿಯನ್ನು ಇಂದು ಕೊಡು ಎಂದು ನೇರವಾಗಿ ಕೇಳುತ್ತಾರೆ, ನಾವು ‘ಕಾಪಾಡಪ್ಪಾ’ ಎನ್ನುವಂತೆಯೇ. ಅತಿ ಹತ್ತಿರದವರ ಹತ್ತಿರ ಅವರೂ ಆ ಪದವನ್ನು ಬಿಟ್ಟೇ ಕೇಳಿದ್ದಾರೆ.

ಮನಸ್ಸಿಲ್ಲದ ಮನಸ್ಸಿನಿಂದ ಇನ್ನೂ ಒಂದೆರಡನ್ನು ಒಪ್ಪಬೇಕು. ನಮ್ಮ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಪಾಳಿಗೆ ಕೇರ್‌ವೋಖೆ ಎನ್ನುತ್ತಾರೆ; ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ನೇತುಬೀಳುತ್ತದೆ. ಒಂದು ವಾರ ನಾನು ಮರೆತಾಗ ಬಾಗಿಲ ಕೆಳಗಿನಿಂದ ಚೀಟಿಯೊಂದು ಒಳಗೆ ಬಂದಿತ್ತು. ಅದರಲ್ಲಿ ಬಿಟ್ಟೆ ಎಂಬ ಪದಕ್ಕೆ ಎರಡು ಗೆರೆ ಎಳೆದಿದ್ದರು. ಅದು ಬೇಡುವ ಬಿಟ್ಟೆಯಾಗಿರಲಿಲ್ಲ; ಧಾರವಾಡದಲ್ಲಿ ಯಾರಾದರೂ ಬಾಗಿಲಿಗೆ ಬಂದು ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಅದರ ಮರುವರ್ಷದ ಚಳಿಗಾಲದಲ್ಲಿ, ಹೆಂಡತಿ ಮಗಳು ಊರಿಗೆ ಹೋಗಿದ್ದಾಗ, ಜ್ವರ ಬಂದು ನಾಲ್ಕು ದಿನ ಮಲಗಿದೆ. ಎದುರು ಮನೆಯ ಹಿರಿಯರು ಬಾಗಿಲು ತಟ್ಟಿ, ಏನಾದರೂ ಬೇಕೇ ಎಂದು ಕೇಳಿದರು. ಅವರು ಕೇಳಿದ್ದೇ ದೊಡ್ಡದು ಎಂಬ ಕೃತಜ್ಞತೆಯಿಂದ ನಾನು ಡಾಂಕೆ ಎಂದೆ. ಬೇಡ ಎಂದರ್ಥವಾಯಿತು, ಬೇಗ ಗುಣವಾಗಲಿ ಎಂದು ಹಾರೈಸಿ ಹೋದರು. ಮೂರು ಸಲ ಬೇಡ ಎಂದರೂ ನಾಲ್ಕನೆಯ ಸಲ ಬಡಿಸುವ ಊರಿನವನು ಹಾಸಿಗೆಯಲ್ಲಿ ಆ ಎರಡನೆಯ ಕೇಳಿಕೆಗಾಗಿ ಕಾಯುತ್ತಿದ್ದೆ. ನಮ್ಮ ಬಾಜೂ ಮನೆಯ ಮಾವಶಿಯಾಗಿದ್ದರೆ ಕೇಳುತ್ತಲೇ ಇರಲಿಲ್ಲ, ಗಂಜಿಯ ಪಾತ್ರೆಯನ್ನು ತಂದು ಇಟ್ಟು ‘ಕುಡಿ, ಸುಮ್ನ’ ಎನ್ನುತ್ತಿದ್ದರು. ಆ ‘ಕುಡಿ’ಯಲ್ಲಿ ರಿ ಇಲ್ಲ, ದಯವಿಟ್ಟು ಇಲ್ಲ.

ಆದರೂ ಆ ಖಾನಾವಳಿಯ ಹುಡುಗ ತಿರುಗಿ ಗೋಡೆ ನೋಡಿದ್ದನ್ನು ನನಗೆ ಮರೆಯಲಾಗುವುದಿಲ್ಲ. ಮಾವಶಿಯ ಏಕವಚನದ ಹಿಂದೆ ಗಂಜಿ ಇತ್ತು. ಆ ಮೇಜುಗಳ ‘ಲೇ’ಯ ಹಿಂದೆ ಏನೂ ಇರಲಿಲ್ಲ. ಕಳೆದ ತಿಂಗಳು ಅವ್ವನಿಗೆ ಈ ಪ್ರಸಂಗವನ್ನು ಮೊದಲ ಸಲ ಹೇಳಿದೆ. ಕಾಕಾ ನಕ್ಕದ್ದು ಅವ್ವನಿಗೂ ಸರಿ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀ ಅವಂಗ ರಿ ಹಚ್ಚಿ ಮಾತಾಡಿದ್ದು ಛಲೋ ಆತು. ಅವನ ಹೆಸರೇನಂತ ಕೇಳಿದೀ ಏನು?’ ಎಂದರು.

ಕೇಳಿರಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋಗುವುದಿದೆ. ಅವನು ಇನ್ನೂ ಅಲ್ಲಿಯೇ ಇದ್ದರೆ ಹೆಸರು ಕೇಳುತ್ತೇನೆ. ‘ರಿ’ಯನ್ನಂತೂ ಬಿಡುವುದಿಲ್ಲ.