ಆ ಪುಟ್ಟ ಚೌಕಟ್ಟಿನಲ್ಲಿ ಒಂದೇ ಏಟು ಸಾಕು

ಆ್ಯಕ್ಷನ್ ಗೇಮ್ ಮಾಡುತ್ತಿರುವವರಿಗೆ ಒಂದು ಮಾತು ಹೇಳಬೇಕು ಅಂತ ತುಂಬ ದಿನದಿಂದ ಅನ್ನಿಸುತ್ತಿತ್ತು. ನಿಮ್ಮ ಗೇಮ್‌ನ ಸ್ಟೋರ್ ಚಿತ್ರವನ್ನು, ಅಂದರೆ ಕ್ಯಾಪ್ಸೂಲನ್ನು, ದಯವಿಟ್ಟು ದೊಡ್ಡ ಪರದೆ ತುಂಬ ಹರಡಿಕೊಂಡು ಶುರು ಮಾಡಬೇಡಿ. ಅಷ್ಟು ದೊಡ್ಡದಾಗಿ ಅದನ್ನು ನೋಡುವವರು ನೀವು ಮತ್ತು ನಿಮ್ಮ ಕಲಾವಿದರು, ಇಬ್ಬರೇ.

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಲೆಕ್ಕವನ್ನೇ ತೆಗೆದುಕೊಳ್ಳಿ. ಮೇನ್ ಕ್ಯಾಪ್ಸೂಲ್‌ಗೆ ಈಗ ಕೇಳುವ ಅಳತೆ 1232 × 706 ಪಿಕ್ಸೆಲ್. ಸ್ಮಾಲ್ ಕ್ಯಾಪ್ಸೂಲ್ 462 × 174. ಈ ಚಿಕ್ಕದನ್ನು ಸ್ಟೀಮ್ ತಾನೇ ಇನ್ನಷ್ಟು ಕುಗ್ಗಿಸಿ 184 × 69 ಮತ್ತು 120 × 45 ಅಳತೆಗೂ ತರುತ್ತದೆ. 120 × 45 ಅಂದರೆ ಬರೀ 5,400 ಪಿಕ್ಸೆಲ್. ಮೇನ್ ಕ್ಯಾಪ್ಸೂಲ್‌ನಲ್ಲಿ ಅದರ ಸುಮಾರು 160 ಪಟ್ಟು ಜಾಗ ಇದೆ! ಜನ ಹುಡುಕುವಾಗ, ಪಟ್ಟಿ ಜಾರಿಸುತ್ತಾ ಹೋಗುವಾಗ, ಕಣ್ಣಿಗೆ ಬೀಳುವುದು ಆ ಚಿಕ್ಕ ತುಂಡು. ಸುತ್ತಲೂ ಬೇರೆ ಗೇಮ್‌ಗಳ ಹತ್ತಾರು ತುಂಡುಗಳು.

ಆ ತುಂಡಿನಲ್ಲಿ ನಾಯಕನನ್ನು ತಲೆಯಿಂದ ಕಾಲಿನವರೆಗೆ ನಿಲ್ಲಿಸಿದಿರಿ ಅಂದುಕೊಳ್ಳಿ. ಎತ್ತರ ಇರುವುದೇ 45 ಪಿಕ್ಸೆಲ್. ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆಯಷ್ಟು ಅಂತ ಚಿತ್ರ ಕಲಿಸುವವರು ಹೇಳುತ್ತಾರೆ. ಹಾಗಾದರೆ ನಿಮ್ಮ ನಾಯಕನ ತಲೆಗೆ ಸಿಕ್ಕಿದ್ದು 6 ಪಿಕ್ಸೆಲ್. ಕಣ್ಣಿನ ಸಿಟ್ಟು, ಕೆನ್ನೆಯ ಗಾಯದ ಗೆರೆ, ಕಿವಿಯ ಉಂಗುರ, ಎಲ್ಲಾ ಆ ಆರರೊಳಗೆ ಹಿಡಿಯಬೇಕು. ಹಿಡಿಯುವುದಿಲ್ಲ.

ನನ್ನ ಮೊದಲ ಗೇಮ್‌ಗೆ ನಾನು ಮಾಡಿದ್ದು ಇದೇ ತಪ್ಪು. ಕತ್ತಿ ಕಾಳಗದ ಗೇಮ್ ಅದು. ನಾಯಕಿ, ಅವಳ ಹಿಂದೆ ಮೂರು ಬಾಸ್‌ಗಳು ಅಂದರೆ ದೊಡ್ಡ ಶತ್ರುಗಳು, ಉರಿಯುತ್ತಿರುವ ಕೋಟೆ, ಹಾರುವ ಕಿಡಿ, ಮಳೆ, ಎಲ್ಲವನ್ನೂ ಒಂದೇ ಚಿತ್ರದೊಳಗೆ ತುಂಬಿದ್ದೆ. ಎರಡು ವರ್ಷದ ಕೆಲಸ ಅದು, ಯಾವುದನ್ನೂ ಬಿಡಲು ಮನಸ್ಸು ಬರಲಿಲ್ಲ. ಪೂರ್ತಿ ಗಾತ್ರದಲ್ಲಿ ಅದು ನಿಜಕ್ಕೂ ಚೆಂದವಿತ್ತು. ಸ್ಟೋರ್‌ನಲ್ಲಿ ಹಾಕಿದ ಮೇಲೆ ಒಬ್ಬ ಗೆಳತಿ ಫೋನಿನಲ್ಲಿ ನೋಡಿ ಕೇಳಿದಳು, "ಇದು ಕಾಡ್ಗಿಚ್ಚು ಆರಿಸುವ ಗೇಮಾ?" ಅವಳು ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ಕಂಡಿದ್ದೇ ಕಂದು, ಕಿತ್ತಳೆ, ಬೂದು ಬಣ್ಣದ ಒಂದು ಮುದ್ದೆ. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಅರ್ಥವಾಗಿದ್ದು ಇಷ್ಟು: ಆ್ಯಕ್ಷನ್ ತೋರಿಸಬೇಕು ಅಂದರೆ ಗಲಾಟೆ ತೋರಿಸಬೇಕು ಅಂತ ನಾವು ಅಂದುಕೊಂಡುಬಿಡುತ್ತೇವೆ. ಆದರೆ ಆಡುವಾಗ ಆ್ಯಕ್ಷನ್ ಅಂದರೆ ಗಲಾಟೆ ಅಲ್ಲ, ಅಲ್ವಾ? ಒಂದು ಏಟು. ಅದಕ್ಕೂ ಮೊದಲು ಅರೆಗಳಿಗೆ ಬಿಗಿಹಿಡಿದ ಉಸಿರು. ಅನಿಮೇಷನ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕೈ ಹಿಂದಕ್ಕೆ ಎಳೆದು, ಬೆನ್ನು ಬಿಲ್ಲಿನ ಹಾಗೆ ಬಾಗಿ, ಇನ್ನೇನು ಬೀಸಬೇಕು ಅನ್ನುವ ಆ ಭಂಗಿಯಲ್ಲಿ ಇರುವಷ್ಟು ಬಿಗುವು ಏಟು ಬಿದ್ದ ಮೇಲೆ ಇರುವುದಿಲ್ಲ. ಬಿದ್ದ ಏಟು ಮುಗಿದ ಮಾತು. ಎತ್ತಿದ ಕೈ ನೋಡಿದವರಿಗೆ ಮುಂದೇನು ಅಂತ ತಿಳಿಯಬೇಕು ಅನ್ನಿಸುತ್ತದೆ.

ಭಂಗಿಯನ್ನು ಆರಿಸುವಾಗ ಇನ್ನೊಂದು ವಿಷಯ ಇದೆ. ಕತ್ತಿಯ ಮೊನೆ ನೇರವಾಗಿ ನೋಡುವವರ ಕಡೆಗೆ ಬರುವ ಚಿತ್ರ ದೊಡ್ಡದಾಗಿ ಮೈ ಜುಮ್ಮೆನ್ನಿಸುತ್ತದೆ. ಚಿಕ್ಕದಾಗಿ? ಒಂದು ಚುಕ್ಕಿ. ಮುಂದಕ್ಕೆ ಚಾಚಿದ ಮುಷ್ಟಿಯೂ ಹಾಗೆಯೇ, ಆಲೂಗಡ್ಡೆಯ ಹಾಗೆ ಕಾಣುತ್ತದೆ. ಆಯುಧ ಪಕ್ಕಕ್ಕೆ ಚಾಚಿರಲಿ, ಮೈಯಿಂದ ದೂರ ಇರಲಿ, ಅದರ ಹಿಂದೆ ಖಾಲಿ ಜಾಗ ಇರಲಿ. ಚಿತ್ರಕ್ಕೆ ಪೂರ್ತಿ ಕಪ್ಪು ಬಳಿದು ಬರೀ ನೆರಳಿನ ಹಾಗೆ ಮಾಡಿ ನೋಡಿ. ಯಾರು, ಕೈಯಲ್ಲಿ ಏನಿದೆ, ಯಾವ ಕಡೆ ನುಗ್ಗುತ್ತಿದ್ದಾರೆ ಅನ್ನುವುದು ಆ ನೆರಳಿನಲ್ಲೇ ತಿಳಿಯದಿದ್ದರೆ ಯಾವ ಬಣ್ಣವೂ ಅದನ್ನು ಉಳಿಸುವುದಿಲ್ಲ. 2017ರಲ್ಲಿ ಬಂದ ಹಾಲೋ ನೈಟ್ ಗೇಮ್‌ನ ನಾಯಕನನ್ನು ನೆನಪಿಸಿಕೊಳ್ಳಿ. ಎರಡು ಕೊಂಬು, ಬಿಳಿ ಮುಖ, ಎರಡು ಕಪ್ಪು ಕಣ್ಣು. ಉಗುರಿನಷ್ಟು ಮಾಡಿದರೂ ಗುರುತು ಸಿಗುತ್ತದೆ. ಪಾತ್ರವನ್ನು ಬರೆಯುವಾಗಲೇ ಆ ಕೆಲಸ ಮುಗಿದಿತ್ತು. ಅದಕ್ಕೇ ನಾನು ಈಗ ಪಾತ್ರ ಬರೆಯುವ ದಿನದಿಂದಲೇ ಕ್ಯಾಪ್ಸೂಲ್ ಬಗ್ಗೆ ಯೋಚಿಸುತ್ತೇನೆ.

ಹಾಗಂತ ಒಬ್ಬರೇ ಇರಬೇಕು ಅಂತಲ್ಲ. 1993ರ ಡೂಮ್ ಗೇಮ್‌ನ ಪೆಟ್ಟಿಗೆಯ ಚಿತ್ರದಲ್ಲಿ ರಾಕ್ಷಸರ ದಂಡೇ ಇದೆ. ಆದರೆ ಅವರೆಲ್ಲ ಸೇರಿ ಒಂದೇ ರಾಶಿ, ಆ ರಾಶಿಯ ಮೇಲೆ ಗುಂಡು ಹಾರಿಸುತ್ತಿರುವ ಒಬ್ಬ ಸೈನಿಕ, ಎಲ್ಲ ಕೈಗಳೂ ಅವನ ಕಡೆಗೇ. ಗುಂಪು ಇದ್ದರೂ ಕಣ್ಣಿಗೆ ಎರಡೇ ವಸ್ತು. 2016ರಲ್ಲಿ ಹೊಸ ಡೂಮ್ ಬಂದಾಗ ಪೆಟ್ಟಿಗೆಯ ಮೇಲೆ ಗನ್ ಹಿಡಿದು ನಡೆದು ಬರುವ ಒಬ್ಬ ಯೋಧ ಮಾತ್ರ ಇದ್ದ. ಇದು ಯಾವ ಗೇಮ್ ಬೇಕಾದರೂ ಆಗಬಹುದು ಅಂತ ತುಂಬ ಜನ ಬೇಸರಪಟ್ಟರು. ಪೆಟ್ಟಿಗೆಯ ಹೊದಿಕೆ ಹಾಳೆಯನ್ನು ತಿರುಗಿಸಿ ಹಾಕಿಕೊಳ್ಳಲು ಅದರ ಹಿಂಬದಿಗೆ ಯಾವ ಚಿತ್ರ ಬೇಕು ಅಂತ ಅಭಿಮಾನಿಗಳ ಮತ ಕೇಳಿದಾಗ ಗೆದ್ದಿದ್ದು ಹಳೆಯ ಚಿತ್ರವನ್ನು ನೆನಪಿಸುವ ಕಾಳಗದ ಚಿತ್ರವೇ. ಜನ ಯಾಕೆ ಹಾಗೆ ಆರಿಸಿದರು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪೆಟ್ಟಿಗೆಯ ಮುಂಬದಿಯಲ್ಲಿ ಒಬ್ಬ ಮನುಷ್ಯ ಇದ್ದ. ಗೆದ್ದ ಚಿತ್ರದಲ್ಲಿ ಆಟ ಇತ್ತು.

ಹೆಸರಿನ ವಿಷಯಕ್ಕೆ ಬರೋಣ. ಸ್ಮಾಲ್ ಕ್ಯಾಪ್ಸೂಲ್ ಅಂದರೆ ಹೆಚ್ಚುಕಮ್ಮಿ ಲೋಗೊ ಮಾತ್ರ ಅಂದುಕೊಳ್ಳಿ. ಅಲ್ಲಿ ಲೋಗೊ ಚೌಕಟ್ಟನ್ನು ಬಹುತೇಕ ತುಂಬಬೇಕು ಅಂತ ಸ್ಟೀಮ್ ಕೂಡ ಹೇಳುತ್ತದೆ. ಹನ್ನೆರಡು ಅಕ್ಷರದ ಹೆಸರನ್ನು ಒಂದೇ ಸಾಲಿನಲ್ಲಿ ಹಾಕಿದರೆ 120 ಪಿಕ್ಸೆಲ್ ಅಗಲದಲ್ಲಿ ಅಕ್ಷರಕ್ಕೆ ಹತ್ತೇ ಪಿಕ್ಸೆಲ್. ಎರಡು ಸಾಲು ಮಾಡಿ. ತೆಳ್ಳಗಿನ ಅಕ್ಷರ ಬೇಡ, ಬಿರುಕು ಬಿಟ್ಟ ಕಲ್ಲಿನ ಹಾಗೆ ಅಲಂಕಾರ ಮಾಡಿದ ಅಕ್ಷರವಂತೂ ಬೇಡವೇ ಬೇಡ.

ಬಣ್ಣ ಆರಿಸುವಾಗ ಚಿತ್ರವನ್ನು ಒಂಟಿಯಾಗಿ ನೋಡಬೇಡಿ. ಸ್ಟೋರ್ ಪುಟದ ಸ್ಕ್ರೀನ್‌ಶಾಟ್ ತೆಗೆದು, ನಿಮ್ಮ ಚಿತ್ರವನ್ನು ಅದರೊಳಗೆ ಅಂಟಿಸಿ ನೋಡಿ. ಸ್ಟೀಮ್‌ನ ಹಿನ್ನೆಲೆಯೇ ಕಡುನೀಲಿ. ನಿಮ್ಮ ಚಿತ್ರದ ಅಂಚು ಕತ್ತಲಾಗಿದ್ದರೆ ಅದು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಇನ್ನು ಒಂದು ಕಡೆ ನೀಲಿ, ಒಂದು ಕಡೆ ಕಿತ್ತಳೆ ಬೆಳಕು ಹಾಕುವ ಅಭ್ಯಾಸ ಎಷ್ಟು ಜಾಸ್ತಿ ಆಗಿದೆ ಅಂದರೆ, ಅಕ್ಕಪಕ್ಕದ ನಾಲ್ಕು ಗೇಮ್ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಪೂರ್ತಿ ಕಪ್ಪುಬಿಳುಪು ಮಾಡಿಯೂ ಒಮ್ಮೆ ನೋಡಿ. ನಾಯಕ ಮತ್ತು ಹಿನ್ನೆಲೆ ಒಂದೇ ಬೂದು ಬಣ್ಣಕ್ಕೆ ಬಂದರೆ ಬಣ್ಣ ನಿಮಗೆ ಮೋಸ ಮಾಡುತ್ತಿದೆ ಅಂತ ಅರ್ಥ.

ಮೋಸ ಅಂದ ತಕ್ಷಣ ಇದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇದು ಎಲ್ಲಕ್ಕಿಂತ ಮುಖ್ಯ. ಚಿತ್ರ ಗೇಮ್ ಬಗ್ಗೆ ಸುಳ್ಳು ಹೇಳಬಾರದು. 1987ರ ಮೆಗಾ ಮ್ಯಾನ್ ಗೇಮ್‌ನ ಅಮೆರಿಕದ ಪೆಟ್ಟಿಗೆ ಹುಡುಕಿ ನೋಡಿ. ಗೇಮ್‌ನಲ್ಲಿ ಅವನು ಪುಟ್ಟ ನೀಲಿ ರೋಬೊಟ್, ಕೈಯೇ ತೋಪು. ಪೆಟ್ಟಿಗೆಯ ಮೇಲೆ ಪಿಸ್ತೂಲ್ ಹಿಡಿದು ನಿಂತಿರುವುದು ಒಬ್ಬ ದೊಡ್ಡ ಗಂಡಸು! ಆಗ ಪೆಟ್ಟಿಗೆ ನೋಡಿ ಕೊಂಡವರು ಕೊಂಡರು. ಈಗ ಹಾಗಲ್ಲ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಚೌಕ ಚೌಕವಾಗಿ ಕಾಣುವ ಪಿಕ್ಸೆಲ್ ಗೇಮ್‌ಗೆ ತೈಲಚಿತ್ರದ ಹಾಗೆ ಹೊಳೆಯುವ ಮುಖ ಹಾಕಿ ಕರೆದರೆ ಬಂದವರು ಅರ್ಧ ಗಂಟೆಯಲ್ಲಿ ಹೋಗುತ್ತಾರೆ, ಹೋಗುವಾಗ ಕೆಟ್ಟ ವಿಮರ್ಶೆ ಬರೆದು ಹೋಗುತ್ತಾರೆ. ಅವರ ತಪ್ಪು ಏನೂ ಇಲ್ಲ.

2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ಒಂದು ನಿಯಮ ತಂದಿದೆ: ಕ್ಯಾಪ್ಸೂಲ್ ಮೇಲೆ ಗೇಮ್‌ನ ಚಿತ್ರ, ಹೆಸರು, ಉಪಶೀರ್ಷಿಕೆ ಬಿಟ್ಟು ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ ಅಂತೆಲ್ಲ ಬರೆಯುವ ಹಾಗಿಲ್ಲ. ಕೆಲವರು ಗೊಣಗಿದರು. ನನಗೆ ಖುಷಿಯಾಯಿತು. ಚಿತ್ರ ಚಿತ್ರದ ಕೆಲಸ ಮಾಡಲಿ.

ಕಲಾವಿದರಿಗೆ ಕೆಲಸ ಕೊಡುವವರಿದ್ದರೆ "ಸಖತ್ತಾಗಿ ಮಾಡಿ" ಅಂತ ಸುಮ್ನೆ ಹೇಳಿ ಕೈ ತೊಳೆದುಕೊಳ್ಳಬೇಡಿ. ಗೇಮ್ ಆಡಿಸಿ. ನಿಮ್ಮ ಗೇಮ್‌ನ ಯಾವ ಗಳಿಗೆಯಲ್ಲಿ ಆಡುವವರು ಕುರ್ಚಿಯ ಅಂಚಿಗೆ ಬರುತ್ತಾರೆ ಅಂತ ತೋರಿಸಿ. ಪಾತ್ರ, ಹಿನ್ನೆಲೆ, ಲೋಗೊ ಬೇರೆಬೇರೆ ಲೇಯರ್‌ನಲ್ಲಿ, ಅಂದರೆ ಪದರದಲ್ಲಿ, ಬೇಕು ಅಂತ ಮೊದಲೇ ಕೇಳಿ, ಅದಕ್ಕೆ ಸರಿಯಾದ ಹಣವನ್ನೂ ಕೊಡಿ. ಯಾಕೆಂದರೆ ಸ್ಟೀಮ್‌ನಲ್ಲಿ ಕೊಂಡ ಗೇಮ್‌ಗಳ ಪಟ್ಟಿಯಾದ ಲೈಬ್ರರಿಗೆ 600 × 900ರ ಉದ್ದ ಚಿತ್ರ ಬೇಕು, ಅಲ್ಲಿ ಗೇಮ್‌ನ ಪುಟದ ಮೇಲ್ಭಾಗಕ್ಕೆ ಬರುವ ಲೈಬ್ರರಿ ಹೀರೊಗೆ 3840 × 1240ರ ಅಗಲ ಚಿತ್ರ ಬೇಕು, ಅದರಲ್ಲಿ ಅಕ್ಷರವೇ ಇರಬಾರದು. ಎಲ್ಲ ಒಂದೇ ಲೇಯರ್‌ಗೆ ಅಂಟಿಹೋಗಿದ್ದರೆ ಆಗ ಕತ್ತರಿಸಲು ಏನೂ ಉಳಿದಿರುವುದಿಲ್ಲ.

ಹಳೆಯ ಚಿತ್ರವನ್ನು ನಾನು ಕೊನೆಗೆ ತೆಗೆದುಹಾಕಿದೆ. ಬಾಸ್‌ಗಳು ಹೋದರು, ಕೋಟೆ ಹೋಯಿತು, ಮಳೆ ಹೋಯಿತು. ನಾಯಕಿ ಸೊಂಟದಿಂದ ಮೇಲೆ, ಕತ್ತಿ ಹೆಗಲ ಹಿಂದಕ್ಕೆ, ಹಿನ್ನೆಲೆಗೆ ಬರೀ ಹಳದಿ. ಅದೇ ವಾರ ರಿಯಾಯಿತಿ ಹಾಕಲಿಲ್ಲ, ಟ್ರೈಲರ್ ಬದಲಿಸಲಿಲ್ಲ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲವಲ್ಲ. ಅದೇ ಗೆಳತಿಗೆ ಫೋನಿನಲ್ಲಿ ಮತ್ತೆ ತೋರಿಸಿದೆ. ಒಂದು ಕ್ಷಣ ನೋಡಿ ಕೇಳಿದಳು, "ಯಾರಿಗೆ ಹೊಡೆಯೋಕೆ ಹೊರಟಿದ್ದಾಳೆ ಇವಳು?"