ಪಿಯರ್‌ಪಾಯಿಂಟ್ ಮನೆಯವರ ಕಸುಬು

ದೊಡ್ಡವನಾದ ಮೇಲೆ ಏನಾಗ್ತೀಯ ಅಂತ ಶಾಲೆಯಲ್ಲಿ ಬರೆಯೋಕೆ ಹೇಳಿದಾಗ, ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹುಟ್ಟಿದ ಆಲ್ಬರ್ಟ್ ಪಿಯರ್‌ಪಾಯಿಂಟ್ ಅನ್ನೋ ಹುಡುಗ ಅಪ್ಪನ ಹಾಗೆ ನೇಣು ಹಾಕುವವನಾಗ್ತೀನಿ ಅಂತ ಬರೆದಿದ್ದ. ಆಗ ಅವನಿಗೆ ಹನ್ನೊಂದು ವರ್ಷ ಇರಬಹುದು. ಮುಂದೆ ಆದದ್ದೂ ಅದೇ. 1932ರಿಂದ 1956ರವರೆಗೆ ನಾನೂರಕ್ಕೂ ಜಾಸ್ತಿ ಜನರನ್ನು ಗಲ್ಲಿಗೇರಿಸಿದ. ಅದರಲ್ಲಿ ಸುಮಾರು ಇನ್ನೂರು ಜನ ಯುದ್ಧಾಪರಾಧಿಗಳು.

ಅಪ್ಪ ಹೆನ್ರಿ, ದೊಡ್ಡಪ್ಪ ಟಾಮ್, ಮಗ ಆಲ್ಬರ್ಟ್. ಮೂವರದೂ ಒಂದೇ ಕೆಲಸ. ಇದನ್ನು ಕೇಳಿದವರು ತಕ್ಷಣ 'ರಕ್ತದಲ್ಲೇ ಬಂದಿರಬೇಕು' ಅಂದುಬಿಡ್ತಾರೆ. ನನಗೆ ಈ ಮಾತು ಕೇಳಿದರೇ ಸಿಟ್ಟು ಬರುತ್ತದೆ. ಅವರ ಮನೆಯಲ್ಲಿ ಆದದ್ದು ನೋಡಿ. ಹೆನ್ರಿ 1910ರಲ್ಲಿ ಚೆಲ್ಮ್ಸ್‌ಫರ್ಡ್ ಜೈಲಿಗೆ ಕುಡಿದು ಬಂದು, ಸಹಾಯಕನ ಜೊತೆ ಹೊಡೆದಾಡಿ ಕೆಲಸ ಕಳೆದುಕೊಂಡ. ಆಗ ಆಲ್ಬರ್ಟ್‌ಗೆ ಐದು ವರ್ಷ. ಆಮೇಲೆ ಹೆನ್ರಿ ತನ್ನ ಅನುಭವಗಳನ್ನು ಒಂದು ವಾರಪತ್ರಿಕೆಗೆ ಮಾರಿದ. 1922ರಲ್ಲಿ ಸತ್ತಾಗ ಮಗನಿಗೆ ಸಿಕ್ಕಿದ್ದು ಅಪ್ಪ ಬರೆದಿಟ್ಟ ನೋಟ್‌ಬುಕ್ಕುಗಳು. ಜೊತೆಗೆ ದೊಡ್ಡಪ್ಪನ ಮನೆ ಇದ್ದೇ ಇತ್ತು. ಅಲ್ಲಿ ಟಾಮ್ ಊರಲ್ಲಿಲ್ಲದಾಗ ಅವನ ಡೈರಿಯನ್ನು ಹುಡುಗನಿಗೆ ಓದೋಕೆ ಬಿಡುತ್ತಿದ್ದರು. ಹುಡುಗ ಮತ್ತೇನಾಗ್ತಾನೆ ಹೇಳಿ!

ಹೆನ್ರಿಯ ಕುಡಿತದ ಪಾಠ ಟಾಮ್‌ಗೆ ನೆನಪಿತ್ತೇನೋ. ವಿಸ್ಕಿ ಇಲ್ಲದೆ ಈ ಕೆಲಸ ಮಾಡೋಕೆ ಆಗಲ್ಲ ಅಂದ್ರೆ ಮಾಡಲೇಬೇಡ ಅಂತ ಆಲ್ಬರ್ಟ್‌ಗೆ ಹೇಳಿದ್ದನಂತೆ.

ಈ ಕೆಲಸಕ್ಕೆ ಜೈಲುಗಳನ್ನು ನೋಡಿಕೊಳ್ಳುವ ಸರ್ಕಾರಿ ಕಮಿಷನ್ನಿಗೆ ಅರ್ಜಿ ಹಾಕಬೇಕಿತ್ತು. ಪೆಂಟನ್‌ವಿಲ್ ಜೈಲಿನಲ್ಲಿ ಕೆಲವು ದಿನ ಬೊಂಬೆಯ ಮೇಲೆ ತರಬೇತಿ. ಆಮೇಲೆ ಪಟ್ಟಿಯಲ್ಲಿ ಹೆಸರು. ತಿಂಗಳ ಸಂಬಳ ಇಲ್ಲ, ಒಂದೊಂದು ನೇಣಿಗೆ ಇಷ್ಟು ಅಂತ ಕೂಲಿ. ಆಲ್ಬರ್ಟ್ ಸೇರಿದಾಗ ಸಹಾಯಕನಿಗೆ ಒಂದು ಪೌಂಡ್ ಹನ್ನೊಂದು ಶಿಲಿಂಗ್ ಆರು ಪೆನ್ಸ್. ನಡತೆ ಸರಿಯಿದ್ದರೆ ಎರಡು ವಾರದ ಮೇಲೆ ಮತ್ತೆ ಅಷ್ಟೇ ಹಣ. ಹೊಟ್ಟೆಪಾಡಿಗೆ ಅವನು ಸಗಟು ದಿನಸಿ ವ್ಯಾಪಾರಿಯೊಬ್ಬನ ಸಾಮಾನು ತಲುಪಿಸುತ್ತಿದ್ದ.

ಕೆಲಸ ಹೇಗಿತ್ತು ಅಂದರೆ, ಹಿಂದಿನ ದಿನವೇ ಜೈಲಿಗೆ ಹೋಗಬೇಕು. ಕೈದಿಗೆ ಗೊತ್ತಾಗದ ಹಾಗೆ ಬಾಗಿಲ ಕಿಂಡಿಯಲ್ಲಿ ಅವನ ಮೈಕಟ್ಟು ನೋಡಬೇಕು. ತೂಕ, ಎತ್ತರ ಹಿಡಿದು ಎಷ್ಟು ಅಡಿ ಬೀಳಬೇಕು ಅಂತ ಲೆಕ್ಕ ಹಾಕಬೇಕು. ಮರಳಿನ ಚೀಲ ಕಟ್ಟಿ ರಾತ್ರಿಯಿಡೀ ಹಗ್ಗ ಎಳೆಯೋಕೆ ಬಿಡಬೇಕು. ಲೆಕ್ಕ ತಪ್ಪಿದರೆ ಕತ್ತು ಮುರಿಯದೆ ಒದ್ದಾಡಿ ಸಾಯ್ತಾರೆ, ಇಲ್ಲಾ ತಲೆಯೇ ಹರಿದುಹೋಗುತ್ತದೆ. 1940ರ ಜುಲೈನಲ್ಲಿ ನಮ್ಮ ಉಧಮ್ ಸಿಂಗ್‌ನನ್ನು ಗಲ್ಲಿಗೇರಿಸುವ ಹಿಂದಿನ ದಿನ ಮುಖ್ಯ ಹ್ಯಾಂಗ್‌ಮನ್ ಸ್ಟ್ಯಾನ್ಲಿ ಕ್ರಾಸ್ ಈ ಲೆಕ್ಕದಲ್ಲೇ ಗೊಂದಲ ಮಾಡಿಕೊಂಡ. ಸರಿ ಅಳತೆ ಹೇಳಿಕೊಟ್ಟವನು ಸಹಾಯಕನಾಗಿದ್ದ ಆಲ್ಬರ್ಟ್. ಸ್ವಲ್ಪ ದಿನದಲ್ಲೇ ಅವನ ಹೆಸರೂ ಮುಖ್ಯ ಪಟ್ಟಿಗೆ ಸೇರಿತು.

1943ರಲ್ಲಿ ಮದುವೆಯಾದಾಗ ಹೆಂಡತಿ ಆ್ಯನ್‌ಗೆ ಈ ವಿಷಯ ಹೇಳಿರಲಿಲ್ಲ. ಮುಂದೆ ಜಿಬ್ರಾಲ್ಟರ್‌ಗೆ ಹೋಗಿ ಇಬ್ಬರನ್ನು ನೇಣಿಗೆ ಹಾಕಿ ಬಂದ ಮೇಲೆ ಬಾಯಿಬಿಟ್ಟ. ಆಕೆಗೆ ಮೊದಲಿಂದಲೂ ಗೊತ್ತಿತ್ತಂತೆ! ಊರೆಲ್ಲಾ ಮಾತಾಡುತ್ತಿತ್ತು.

ಪಿಯರ್‌ಪಾಯಿಂಟ್‌ಗಳಿಗಿಂತ ಮುಂಚೆ ಬೋಲ್ಟನ್ನಿನ ಬಿಲ್ಲಿಂಗ್ಟನ್ ಮನೆತನ ಇತ್ತು. ಕ್ಷೌರಿಕ ಜೇಮ್ಸ್, ಅವನ ಮೂವರು ಗಂಡುಮಕ್ಕಳು, ಎಲ್ಲರೂ ಇದೇ ಕೆಲಸಕ್ಕೆ. 1901ರ ಡಿಸೆಂಬರಿನಲ್ಲಿ ಕಾಯಿಲೆ ಇದ್ದರೂ ಜೇಮ್ಸ್ ತನಗೆ ಪರಿಚಯವಿದ್ದ ಪ್ಯಾಟ್ರಿಕ್ ಮೆಕೆನ್ನಾನನ್ನು ಗಲ್ಲಿಗೇರಿಸಿದ. ಹತ್ತೇ ದಿನಕ್ಕೆ ತಾನೂ ಸತ್ತ. ಅವತ್ತು ಅವನ ಸಹಾಯಕನಾಗಿದ್ದವನು ಹೆನ್ರಿ ಪಿಯರ್‌ಪಾಯಿಂಟ್. 1950ರಲ್ಲಿ ಹೆನ್ರಿಯ ಮಗನಿಗೂ ಇಂಥದ್ದೇ ಬಂತು. ಆಗ ಆಲ್ಬರ್ಟ್ ನಡೆಸುತ್ತಿದ್ದ ಪಬ್ಬಿಗೆ ಬರುತ್ತಿದ್ದ ಜೇಮ್ಸ್ ಕಾರ್ಬಿಟ್ ಅವನ ಜೊತೆ ಸೇರಿ ಹಾಡುತ್ತಿದ್ದವನು. ಇಬ್ಬರೂ ಒಬ್ಬರನ್ನೊಬ್ಬರು 'ಟಿಷ್', 'ಟಾಷ್' ಅಂತ ಕರೆಯುತ್ತಿದ್ದರು. ಕೊಲೆ ಮಾಡಿ ಜೈಲು ಸೇರಿದ ಟಿಷ್‌ನನ್ನು ಟಾಷ್ ಹೆಸರು ಹಿಡಿದು ಮಾತಾಡಿಸಿಯೇ ನೇಣಿಗೆ ಕರೆದುಕೊಂಡು ಹೋದ.

ಅವನನ್ನು ನಾನು ಒಳ್ಳೆಯವನು ಅಂತ ಹೇಳುತ್ತಿಲ್ಲ. ಹೆಂಡತಿ ಮಗುವಿನ ಸಾವಿನ ಕೇಸಿನಲ್ಲಿ ಟಿಮೋತಿ ಇವಾನ್ಸ್ ಅನ್ನೋ ಅಮಾಯಕನನ್ನು 1950ರಲ್ಲಿ ಕೊಂದದ್ದು ಅವನ ಕೈ. ಅದೇ ಮನೆಯಲ್ಲಿದ್ದ, ಸರಣಿ ಕೊಲೆಗಾರ ಕ್ರಿಸ್ಟಿಯನ್ನು 1953ರಲ್ಲಿ ಕೊಂದದ್ದೂ ಅದೇ ಕೈ. ಆದರೆ ಇವಾನ್ಸ್‌ಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶ, ಸಹಿ ಹಾಕಿದ ಮಂತ್ರಿ, ಇವರ ಮನೆತನದ ರಕ್ತದಲ್ಲಿ ಏನಿತ್ತು ಅಂತ ಯಾರೂ ಕೇಳಲ್ಲ. ಹಗ್ಗ ಹಿಡಿದ ದಿನಸಿಯವನ ವಂಶವೃಕ್ಷ ಮಾತ್ರ ಎಲ್ಲರಿಗೂ ಬೇಕು. ಸರ್ಕಾರಕ್ಕೆ ಇದು ಎಷ್ಟು ಅನುಕೂಲ ಅಲ್ವಾ?

1955ರ ಜುಲೈನಲ್ಲಿ, ಪ್ರಿಯಕರನನ್ನು ಕೊಂದಿದ್ದ ರೂತ್ ಎಲ್ಲಿಸ್‌ಳನ್ನು ಗಲ್ಲಿಗೇರಿಸಿದ. ಮುಂದಿನ ವರ್ಷ ಕೆಲಸ ಬಿಟ್ಟಾಗ ಆ ಹೆಣ್ಣಿನ ಸಾವೇ ಅವನ ಮನಸ್ಸು ಕಲಕಿತು ಅಂತ ಜನ ಸುಮ್ನೆ ಕಥೆ ಕಟ್ಟಿದರು. ಅವನೇ ಅಲ್ಲ ಅಂದ. ಕೆಲಸ ಬಿಡೋಕೆ ಸ್ವಲ್ಪ ಮೊದಲು ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಜೈಲಿಗೆ ಹೋಗಿ ಎಲ್ಲಾ ಸಿದ್ಧ ಮಾಡಿದ್ದ. ಕೊನೇ ಗಳಿಗೆಯಲ್ಲಿ ಕೈದಿಗೆ ಜೀವದಾನ ಸಿಕ್ಕಿತು. ಬಂದುಹೋದ ಖರ್ಚಿಗೆ ಅಂತ ಒಂದು ಪೌಂಡ್ ಕೊಟ್ಟರು. ಪೂರ್ತಿ ಹದಿನೈದು ಪೌಂಡ್ ಬೇಕು ಅಂತ ಇವನು ಪತ್ರ ಬರೆದ. ಅವರು ನಾಲ್ಕಕ್ಕೆ ಬಂದು ನಿಂತರು. ರಾಜೀನಾಮೆ ಕೊಟ್ಟುಬಿಟ್ಟ.

1974ರಲ್ಲಿ ತನ್ನ ಆತ್ಮಕಥೆಯಲ್ಲಿ, ಮರಣದಂಡನೆಯಿಂದ ಸೇಡು ತೀರಿತೇ ಹೊರತು ಬೇರೇನೂ ಆಗಲಿಲ್ಲ ಅಂತ ಬರೆದ. ಎಲ್ಲರೂ ಎತ್ತಿ ಆಡೋದು ಈ ಮಾತನ್ನೇ. ನನಗೆ ಮಾತ್ರ ಹದಿನೈದು ಪೌಂಡಿಗೆ ಜಗಳ ತೆಗೆದ ಆಲ್ಬರ್ಟ್ ಜಾಸ್ತಿ ಅರ್ಥವಾಗ್ತಾನೆ.